ಬೋರಲ್ಲಿ ನೀರಿಲ್ಲದೆ ಕಂಪ್ರೆಸರ್ ದೊಡ್ಡದಾದರೆ ಏನು ಬಂತು?

ನಮಸ್ಕಾರ. ಹೋದ ವಿಡಿಯೋಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. "ಬೋರಲ್ಲಿ ನೀರು ಇಳಿದಿದೆಯಾ? 5 ಎಚ್‌ಪಿ ಕಂಪ್ರೆಸರ್ ತೆಗೆದು 10 ಎಚ್‌ಪಿ ಹಾಕಿ. ಗಾಳಿ ಒದ್ದುಕೊಂಡು ನೀರು ತರುತ್ತೆ." ಅದಕ್ಕೆ ನನ್ನ ವಿಡಿಯೋಗಿಂತ ಜಾಸ್ತಿ ಲೈಕ್ ಬೇರೆ!

ಗಾಳಿ ಒದೆಯುವುದಿಲ್ಲ ಸ್ವಾಮಿ. ಕಂಪ್ರೆಸರ್ ಮೇಲಿಂದ ಒತ್ತುವ ಗಾಳಿ ಸಣ್ಣ ಪೈಪಿನಲ್ಲಿ ಬೋರೊಳಗೆ ಇಳಿದು ನೀರಿನ ಪೈಪಿನ ಬುಡದಲ್ಲಿ ಸೇರಿಕೊಳ್ಳುತ್ತದೆ. ಗುಳ್ಳೆ ಬೆರೆತ ನೀರು ಹಗುರ. ಪೈಪಿನ ಹೊರಗೆ ಬೋರಿನಲ್ಲಿ ನಿಂತ ನೀರು ಭಾರ. ಭಾರದ್ದು ಹಗುರದ್ದನ್ನು ಮೇಲಕ್ಕೆ ತಳ್ಳುತ್ತದೆ. ತಳ್ಳುವುದು ನೀರು! ಹೊರಗೆ ನೀರೇ ಇಲ್ಲದಿದ್ದರೆ ತಳ್ಳುವವರು ಯಾರು, ನಿಮ್ಮ ಭಾವಮೈದುನನಾ?

ಪೈಪಿನ ಬಾಯಿ ನೋಡಿದ್ದೀರಲ್ವಾ? ಬುಳಕ್ ಅಂತ ನೀರು, ಬುಸ್ ಅಂತ ಗಾಳಿ, ಮತ್ತೆ ಬುಳಕ್. ಒಳಗೆ ಸಣ್ಣ ಗುಳ್ಳೆಗಳೆಲ್ಲ ಕೂಡಿ ಪೈಪ್ ತುಂಬುವ ಉದ್ದನೆಯ ಗುಳ್ಳೆಗಳಾಗುತ್ತವೆ. ಎರಡು ಗುಳ್ಳೆಗಳ ಮಧ್ಯೆ ಒಂದು ಗಡ್ಡೆ ನೀರು. ಆದರೆ ಗುಳ್ಳೆಯ ಸುತ್ತ, ಪೈಪಿನ ಗೋಡೆಗೆ ಅಂಟಿಕೊಂಡು, ಸ್ವಲ್ಪ ನೀರು ಕೆಳಗೆ ಜಾರುತ್ತಲೇ ಇರುತ್ತದೆ. 2 ಇಂಚಿನ ಪೈಪಿನಲ್ಲಿ ನಿಂತ ನೀರೊಳಗೆ ಇಂಥ ಗುಳ್ಳೆ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ಏರುತ್ತದೆ. ಗುಳ್ಳೆ ಉದ್ದವಾದರೂ ವೇಗ ಅಷ್ಟೇ. ಪೈಪ್ ಅಗಲವಾದರೆ ಮಾತ್ರ ಜಾಸ್ತಿ.

ಈಗ ಗಾಳಿ ಏರಿಸಿ. ಮೊದಲು ನೀರು ಹೆಚ್ಚುತ್ತದೆ, ಒಪ್ಪಿದೆ. ಇನ್ನೂ ಏರಿಸಿ. ಒಳಗೆಲ್ಲ ಕಲಕಿ, ಮೇಲೆ ಹೋದ ನೀರು ವಾಪಸ್ ಬೀಳುತ್ತದೆ. ಇನ್ನೂ ಏರಿಸಿ! ಗಾಳಿ ನಡುವೆ ದಾರಿ ಮಾಡಿಕೊಂಡು ಹೊರಟೇ ಹೋಗುತ್ತದೆ, ನೀರು ಗೋಡೆಗೆ ತೆಳ್ಳಗೆ ಅಂಟಿಕೊಂಡಿರುತ್ತದೆ. ಮೋಟರು ಬಿಸಿ, ಬಿಲ್ಲು ಬಿಸಿ, ಬಾಯಲ್ಲಿ ಬರೀ ಬುಸ್.

"ಪಕ್ಕದ ತೋಟದವರು ದೊಡ್ಡದು ಹಾಕಿದ್ರು, ನೀರು ಬಂತು." ಅವರ ಬೋರಲ್ಲಿ ನೀರಿತ್ತು, ಬಂತು!

ಕಂಪ್ರೆಸರ್ ಓಡುವಾಗ ನೀರಿನ ಪೈಪಿನ ಸುಮಾರು ಅರ್ಧ ಭಾಗ ನೀರಲ್ಲಿ ಮುಳುಗಿದ್ದರೆ ಒಳ್ಳೆಯದು. ಶುರು ಮಾಡಲು ಎಷ್ಟು ಪ್ರೆಶರ್ ಬೇಕು ಅನ್ನುವುದನ್ನೂ ನೀರೇ ಹೇಳುತ್ತದೆ. 10 ಮೀಟರ್ ಮುಳುಗಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ. ಅಂಗಡಿಗೆ ಓಡುವ ಮೊದಲು ಒಂದು ಹಗ್ಗ ಇಳಿಸಿ ನೀರಿನ ಲೆವೆಲ್ ನೋಡ್ರಪ್ಪಾ! ಹಗ್ಗಕ್ಕೆ ಇಎಂಐ ಇಲ್ಲ. (ಹಗ್ಗದ ಕಂಪನಿಯವರು ಯಾರಾದರೂ ನೋಡುತ್ತಿದ್ದರೆ, ನಾವು ಸ್ಪಾನ್ಸರ್ ಹುಡುಕುತ್ತಿದ್ದೇವೆ.)

"ಆದ್ರೂ ಸಾರ್, ಪವರ್ ಜಾಸ್ತಿ ಇದ್ರೆ..." ಏನು ಆದ್ರೂ? 20 ಎಚ್‌ಪಿ ಹಾಕಿ. ವಿಮಾನದ ಎಂಜಿನ್ ಹಾಕಿ! ತಳ್ಳುವುದು ನೀರು, ನೀರು, ನೀರು! ಇನ್ನೂ ಜಗಳ ಆಡಬೇಕಾ? ಬನ್ನಿ, ಆಡೋಣ. ಸಬ್‌ಸ್ಕ್ರೈಬ್ ಆಗಿ ಬನ್ನಿ.