ಗೋಡೆಯ ಬಣ್ಣಕ್ಕೆ ಇಳಕಲ್ ಸೀರೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಸರೆ, ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಬಾಗಲಕೋಟೆಯ ಪೇಂಟ್ ಅಂಗಡಿಗಳಿಗೆ ಬಿಡುವೇ ಇರುವುದಿಲ್ಲ. ಅಂಗಡಿಯವರು ಶೇಡ್ ಕಾರ್ಡ್ ಬಿಚ್ಚಿ ಇಡುತ್ತಾರೆ. ಬಂದವರು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿ, "ಹಿಂಗ ಆಗ್ಬೇಕ್ರಿ" ಅನ್ನುತ್ತಾರೆ. ಬಹಳ ಸಲ ಆ ಫೋಟೋದ ಮನೆ ಯಾವುದೋ ಚಳಿ ದೇಶದ್ದಾಗಿರುತ್ತದೆ. ಎತ್ತರದ ಕಿಟಕಿ, ಹೊರಗೆ ಮೋಡ, ಒಳಗೆ ಬೂದು ಗೋಡೆ, ಬೂದು ಸೋಫಾ. ಚಿತ್ರ ಚೆನ್ನಾಗಿದೆ, ಸುಳ್ಳಲ್ಲ. ಆದರೆ ಅದೇ ಬೂದು ಬಣ್ಣ ನವನಗರದ ಒಂದು ಮನೆಯ ಹಾಲ್‌ಗೆ ಬಂದರೆ ಹಗಲು ಸಿಮೆಂಟಿನ ಹಾಗೆ, ರಾತ್ರಿ ಟ್ಯೂಬ್‌ಲೈಟಿನಲ್ಲಿ ನೀಲಿ ತಿರುಗಿದ ಹಾಗೆ ಕಾಣುತ್ತದೆ. ಬಣ್ಣದ ತಪ್ಪಲ್ಲ ಅದು. ಅದನ್ನು ಆರಿಸಿದ್ದು ಬೇರೆ ಬೆಳಕಿಗೆ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಮನೆಗೆ ಬಣ್ಣದ ಐಡಿಯಾ ಬೇಕಾದರೆ ಮೊದಲು ನಮ್ಮ ಜಿಲ್ಲೆಯನ್ನೇ ನೋಡಿ. ಊರಿನ ಅಭಿಮಾನಕ್ಕಾಗಿ ಈ ಮಾತು ಹೇಳುತ್ತಿಲ್ಲ. ಇಲ್ಲಿಯ ನೇಕಾರರು, ಗೌಂಡಿಗಳು, ಮನೆ ಸಾರಿಸುತ್ತಿದ್ದ ಹೆಣ್ಣುಮಕ್ಕಳು ಇದೇ ಬಿಸಿಲಿನಲ್ಲಿ, ಇದೇ ಧೂಳಿನಲ್ಲಿ ಬಣ್ಣಗಳನ್ನು ಬಳಸಿ ನೋಡಿದ್ದಾರೆ. ಅವರು ಇಟ್ಟುಕೊಂಡದ್ದು ಇಲ್ಲಿ ನಿಲ್ಲುವ ಬಣ್ಣಗಳನ್ನು.

ಹೊರಗಿನ ಫ್ಯಾಷನ್ ಏನು ಹೇಳುತ್ತಿದೆ ಅಂತಲೂ ಸ್ವಲ್ಪ ನೋಡೋಣ. ಅಮೆರಿಕದ ಪ್ಯಾಂಟೋನ್ ಸಂಸ್ಥೆ ಪ್ರತಿ ವರ್ಷ ಒಂದು 'ವರ್ಷದ ಬಣ್ಣ' ಸಾರುತ್ತದೆ. ಬಟ್ಟೆ, ಪೀಠೋಪಕರಣ, ಗೋಡೆ ಬಣ್ಣ ತಯಾರಿಸುವ ಎಷ್ಟೋ ಕಂಪನಿಗಳು ಅದನ್ನು ಗಮನಿಸುತ್ತವೆ. 2024ಕ್ಕೆ ಅವರು ಆರಿಸಿದ್ದು ಪೀಚ್ ಫಜ್, ಅಂದರೆ ಹಣ್ಣಾದ ಪೀಚಿನ ತಿಳಿ ಕೇಸರಿ. 2025ಕ್ಕೆ ಮೋಕಾ ಮೂಸ್, ಹಾಲು ಬೆರೆಸಿದ ಕಾಫಿಯ ಕಂದು. 2026ಕ್ಕೆ ಕ್ಲೌಡ್ ಡ್ಯಾನ್ಸರ್ ಅನ್ನುವ ಒಂದು ಮೆತ್ತನೆಯ ಬಿಳಿ. ಜೊತೆಗೆ ಟೆರಾಕೋಟಾ ಅಂತ ಕರೆಯುವ ಸುಟ್ಟ ಮಣ್ಣಿನ ಕೆಂಪು ಹಲವು ವರ್ಷಗಳಿಂದ ಬೇಡಿಕೆಯಲ್ಲಿದೆ. ಸುಣ್ಣ ಬಳಿದಂತೆ ಮೋಡ ಮೋಡವಾಗಿ ಕಾಣುವ ಗೋಡೆಗೆ ಈಗ 'ಲೈಮ್‌ವಾಶ್ ಫಿನಿಶ್' ಅಂತ ಹೆಸರು, ಅದಕ್ಕೆ ಜಾಸ್ತಿ ದುಡ್ಡು. ಇವೆಲ್ಲ ಮಣ್ಣು, ಕಲ್ಲು, ಸುಣ್ಣದ ಬಣ್ಣಗಳೇ ಅಲ್ವಾ? ನಮ್ಮ ಊರುಗಳ ಬಣ್ಣಗಳೂ ಇವೇ. ಈ ಸಲದ ಫ್ಯಾಷನ್ ನಮಗೆ ಒಗ್ಗುತ್ತದೆ ಅಂತ ನನಗೆ ಸಂತೋಷ.

ಬಾದಾಮಿಗೆ ಹೋದಾಗ ಬಂಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ದೂರದಿಂದ ಅದು ಕೆಂಪು ಕಲ್ಲು. ಹತ್ತಿರದಿಂದ ಒಂದೇ ಬಂಡೆಯಲ್ಲಿ ಇಟ್ಟಿಗೆ ಕೆಂಪು, ತಿಳಿ ಗುಲಾಬಿ, ಅರಿಸಿನ, ಕೆನೆ, ನೇರಳೆಯ ನೆರಳು ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ಈ ಕೆಂಪಿಗೆ ಕಾರಣ ಮರಳುಗಲ್ಲಿನಲ್ಲಿರುವ ಕಬ್ಬಿಣದ ಆಕ್ಸೈಡ್. ನಮ್ಮ ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ಅದೇ. ಒಂದೇ ಮೂಲದಿಂದ ಬಂದ ಬಣ್ಣಗಳಾದ್ದರಿಂದ ಅವು ಒಂದಕ್ಕೊಂದು ಜಗಳವಾಡುವುದಿಲ್ಲ. ಒಂದು ಕೋಣೆಗೆ ಮೂರು ಬಣ್ಣ ಬೇಕೆನ್ನುವವರು ಆ ಬಂಡೆಯ ಫೋಟೋ ತೆಗೆದುಕೊಂಡು ಪೇಂಟ್ ಅಂಗಡಿಗೆ ಹೋದರೆ ಸಾಕು. ಕೆನೆ ಬಣ್ಣ ಮೂರು ಗೋಡೆಗೆ, ತಿಳಿ ಗುಲಾಬಿ ಮಣ್ಣಿನ ಬಣ್ಣ ಒಂದು ಗೋಡೆಗೆ, ಕಡು ಕೆಂಪು ಕಿಟಕಿಯ ಚೌಕಟ್ಟಿಗೆ. ಅಲ್ಲಿ ಬಂಡೆಯಲ್ಲಿ ಕೊರೆದ ಗುಹಾ ದೇವಾಲಯಗಳಲ್ಲಿ ಮೂರನೆಯದನ್ನು ಚಾಲುಕ್ಯರ ಮಂಗಳೇಶ ಮಾಡಿಸಿದ್ದು ಕ್ರಿ.ಶ. 578ರಲ್ಲಿ. ಅದರ ಮೇಲ್ಭಾಗದಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತು ಇನ್ನೂ ಉಳಿದಿದೆ. ಅಷ್ಟು ಚೆಂದದ ಕೆತ್ತನೆ ಮಾಡಿದ ಮೇಲೂ ಅವರಿಗೆ ಬಣ್ಣ ಬೇಕು ಅನ್ನಿಸಿತ್ತು!

ಇನ್ನು ಸೀರೆಯ ಮಾತು. ಬಣ್ಣ ಯಾವುದು ಅನ್ನುವುದಕ್ಕಿಂತ ಯಾವ ಬಣ್ಣ ಎಷ್ಟು ಅನ್ನುವುದೇ ಕಷ್ಟದ ಪ್ರಶ್ನೆ. ಒಳಾಂಗಣ ವಿನ್ಯಾಸದವರು ಅರವತ್ತು, ಮೂವತ್ತು, ಹತ್ತು ಅಂತ ಒಂದು ಲೆಕ್ಕ ಹೇಳುತ್ತಾರೆ. ಕೋಣೆಯ ನೂರರಲ್ಲಿ ಅರವತ್ತು ಪಾಲು ಮುಖ್ಯ ಬಣ್ಣ, ಮೂವತ್ತು ಪಾಲು ಎರಡನೆಯದು, ಹತ್ತು ಪಾಲು ಎದ್ದು ಕಾಣುವ ಬಣ್ಣ. ಈ ಲೆಕ್ಕ ಕೇಳಿದರೆ ತಲೆಗೆ ಹೋಗುವುದಿಲ್ಲ. ಇಳಕಲ್ ಸೀರೆ ಬಿಚ್ಚಿ ಹಾಸಿದರೆ ಕೂಡಲೇ ಹೋಗುತ್ತದೆ. ಒಡಲು ಹತ್ತಿಯದು, ಒಂದೇ ಗಾಢ ಬಣ್ಣ ಅಥವಾ ಸಣ್ಣ ಚೌಕಡಿ. ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಬಣ್ಣ, ಚಂದ್ರಕಾಳಿಯ ಕಪ್ಪು. ಅದರ ಎರಡೂ ಬದಿಗೆ ದಡಿ. ದಡಿಯ ಬಣ್ಣ ಒಡಲಿನ ಬಣ್ಣಕ್ಕೆ ಎದುರಾಗಿ ನಿಲ್ಲುತ್ತದೆ, ಆದರೆ ತನ್ನ ಅಗಲ ದಾಟುವುದಿಲ್ಲ. ಕೊನೆಗೆ ಸೆರಗು, ಕೆಂಪು ರೇಷ್ಮೆ, ಮೇಲೆ ತೆನೆ ಅನ್ನುವ ಬಿಳಿಯ ಚಿತ್ತಾರಗಳು. ಹಣಿಗೆಯ ಹಲ್ಲಿನ ಹಾಗೆ, ಕೋಟೆಯ ಗೋಡೆಯ ಹಾಗೆ, ಜೋಳದ ತೆನೆಯ ಹಾಗೆ. ಸೆರಗಿನ ಹಾಸು ಎಳೆಗಳನ್ನು, ಅಂದರೆ ಉದ್ದಕ್ಕೆ ಹಾಸುವ ಎಳೆಗಳನ್ನು, ಒಡಲಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಬೇರೆ ಎಳೆ, ಬೇರೆ ಬಣ್ಣ, ಆದರೂ ಸೇರಿದ ಜಾಗ ಕಣ್ಣಿಗೆ ಚುಚ್ಚುವುದಿಲ್ಲ.

ಇದನ್ನೇ ಕೋಣೆಗೆ ತನ್ನಿ. ಗೋಡೆ ಮತ್ತು ನೆಲ ಸೀರೆಯ ಒಡಲು, ಅಲ್ಲಿ ಗದ್ದಲ ಬೇಡ. ಪರದೆ, ದಿವಾನ್, ಕಪಾಟು ದಡಿ. ಒಂದೇ ಒಂದು ಕಡೆ ಸೆರಗು ಇರಲಿ. ಬಾಗಿಲು ತೆಗೆದ ಕೂಡಲೇ ಕಾಣುವ ಗೋಡೆ ಆದೀತು, ದೇವರ ಕೋಣೆಯ ಬಾಗಿಲು ಆದೀತು. ನಾಲ್ಕು ಗೋಡೆಗೆ ನಾಲ್ಕು ಬಣ್ಣ ಬಳಿದ ಮನೆಗಳು ನಮ್ಮಲ್ಲಿ ಬಹಳ ಇವೆ. ಅಲ್ಲಿ ಹೋಗಿ ಕೂತರೆ ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತ ತಿಳಿಯುವುದಿಲ್ಲ. ಒಂದೇ ಸೀರೆಗೆ ಮೂರು ಸೆರಗು ಯಾರೂ ನೇಯುವುದಿಲ್ಲ ತಾನೆ?

ಗೋಡೆಗಿಂತ ಮೊದಲು ನೆಲ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಗೋಡೆಯ ಬಣ್ಣ ಐದಾರು ವರ್ಷಕ್ಕೆ ಬದಲಾಗುತ್ತದೆ, ನೆಲ ಹಾಗೇ ಇರುತ್ತದೆ. ಹಳೆಯ ಮನೆಗಳಲ್ಲಿ ಶಹಾಬಾದ ಫರ್ಶಿ ಇದ್ದರೆ ಅದು ತಣ್ಣನೆಯ ಬೂದು. ಅದರ ಮೇಲೆ ಕೆನೆ, ತಿಳಿ ಅರಿಸಿನ, ಮಣ್ಣಿನ ಗುಲಾಬಿ ಎಲ್ಲ ಚೆನ್ನಾಗಿ ಕೂರುತ್ತವೆ. ಆ ಫರ್ಶಿ ಕಿತ್ತು ಬಿಳಿ ಟೈಲ್ಸ್ ಹಾಕುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಬೇಸಿಗೆಯಲ್ಲಿ ಬರಿಗಾಲಿಗೆ ಅದರಷ್ಟು ಹಿತ ಬೇರೆ ಇಲ್ಲ. ಪಾಲಿಶ್ ಮಾಡಿಸಿದರೆ ಮತ್ತೆ ಹೊಸದಾಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಕ್ಕೂ ಹೋಗುವ ಕಲ್ಲು. ಆದರೆ ಇಡೀ ಹಾಲಿಗೆ ಅದನ್ನೇ ಹಾಸಿದರೆ ಗೋಡೆಗೆ ಹೆಚ್ಚು ಆಯ್ಕೆ ಉಳಿಯುವುದಿಲ್ಲ. ಹೊಸ್ತಿಲಿಗೆ, ಮೆಟ್ಟಿಲಿಗೆ, ಅಡುಗೆ ಕಟ್ಟೆಗೆ ಅದು ರಾಜನಂತೆ ಇರುತ್ತದೆ.

ಬೆಳಕಿನ ಮಾತು ಬಿಟ್ಟರೆ ಬಣ್ಣದ ಮಾತು ಪೂರ್ತಿಯಾಗುವುದಿಲ್ಲ. ನಮ್ಮಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುವ ದಿನಗಳಿವೆ. ಪಶ್ಚಿಮದ ಕಿಟಕಿಯಿಂದ ಸಂಜೆ ಬರುವ ಬಿಸಿಲು ಹಳದಿ, ಕೆಂಪು ಬಣ್ಣಗಳನ್ನು ಇನ್ನೂ ಕಾಯಿಸುತ್ತದೆ. ಆ ಕೋಣೆಗೆ ತಿಳಿ ಹಸಿರು, ತಿಳಿ ನೀಲಿ ಒಳ್ಳೆಯದು. ಉತ್ತರದ ಕೋಣೆಗೆ ನೇರ ಬಿಸಿಲು ಕಡಿಮೆ, ಅಲ್ಲಿ ಬೂದು ಹಚ್ಚಿದರೆ ಮಂಕು ಕವಿಯುತ್ತದೆ. ಅಲ್ಲಿಗೆ ಕೆನೆ, ತಿಳಿ ಕೇಸರಿ ಬೇಕು. ಶೇಡ್ ಕಾರ್ಡಿನ ಸಣ್ಣ ಚೌಕ ನೋಡಿ ನಿರ್ಧಾರ ಮಾಡಬೇಡಿ. ಅದೇ ಬಣ್ಣ ದೊಡ್ಡ ಗೋಡೆಗೆ ಬಂದಾಗ ಇನ್ನೂ ಜೋರಾಗಿ ಕಾಣುತ್ತದೆ. ಸಣ್ಣ ಡಬ್ಬಿ ತಂದು ಗೋಡೆಯ ಮೇಲೆ ಎರಡು ಅಡಿ ಅಗಲ, ಎರಡು ಅಡಿ ಉದ್ದ, ಎರಡು ಕೋಟ್ ಬಳಿಯಿರಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬಲ್ಬ್ ಹಾಕಿ ನೋಡಿ. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಅಂತ ಅಂಕಿ ಇರುತ್ತದೆ. 6500 ಅಂದರೆ ಬೆಳ್ಳಗಿನ ನೀಲಿ ಬೆಳಕು, 2700ರಿಂದ 3000 ಅಂದರೆ ದೀಪದ ಹಳದಿ ಬೆಳಕು. ಮಣ್ಣಿನ ಬಣ್ಣ ಹಚ್ಚಿದ ಗೋಡೆಗೆ 6500ರ ಬಲ್ಬ್ ಹಾಕಿದರೆ ಖರ್ಚು ಮಾಡಿದ್ದೆಲ್ಲ ದಂಡ.

ಬೆಳಕನ್ನೇ ಅಲಂಕಾರ ಮಾಡುವುದು ಹೇಗೆ ಅಂತ ನೋಡಬೇಕಾದರೆ ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋಗಿ. ಅಲ್ಲಿ ಕಿಟಕಿಯ ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಬಿಸಿಲು ಆ ಸಂದುಗಳಲ್ಲಿ ಸೋಸಿ ಒಳಗೆ ಬರುತ್ತದೆ. ನಮ್ಮ ಮನೆಯ ವರಾಂಡಕ್ಕೆ ಸಿಮೆಂಟಿನ ಅಥವಾ ಸುಟ್ಟ ಮಣ್ಣಿನ ಜಾಲಿ ಹಾಕಿಸಿದರೂ ಗಾಳಿ ಬರುತ್ತದೆ, ಗೋಡೆಯ ಮೇಲೆ ನೆರಳಿನ ಚಿತ್ತಾರವೂ ಬೀಳುತ್ತದೆ.

ಹಳೆಯ ಮನೆಗಳ ಕಾರಣೆ ನಿಮಗೆ ನೆನಪಿದೆಯಾ? ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದು, ಅದರ ಮೇಲೆ ಬಿಳಿಯ ಗೆರೆ, ಚುಕ್ಕಿ ಬಿಡಿಸುತ್ತಿದ್ದರು. ಚೆಂದಕ್ಕೆ ಮಾತ್ರ ಅಲ್ಲ. ನೆಲ ಸಾರಿಸುವಾಗ ಹಾರುವ ನೀರು, ಎರೆಮಣ್ಣಿನ ಧೂಳು, ಮಕ್ಕಳ ಕೈಕಾಲಿನ ಗುರುತು ಎಲ್ಲ ಬೀಳುವುದು ಆ ಭಾಗಕ್ಕೇ. ಮೇಲಿನ ಗೋಡೆ ಸ್ವಚ್ಛ ಉಳಿಯುತ್ತಿತ್ತು. ಈಗ ಪತ್ರಿಕೆಗಳಲ್ಲಿ ಕೆಳಗೆ ಗಾಢ, ಮೇಲೆ ತಿಳಿ ಬಣ್ಣದ ಗೋಡೆಗಳು ಹೊಸ ಫ್ಯಾಷನ್ ಅಂತ ಬರುತ್ತಿವೆ. ಮಕ್ಕಳಿರುವ ಮನೆಗೆ, ರಸ್ತೆ ಬದಿಯ ಮನೆಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮೂರು ಅಡಿ ಎತ್ತರದವರೆಗೆ ತೊಳೆಯಲು ಬರುವ ಮಣ್ಣುಗೆಂಪು ಪೇಂಟ್, ಮೇಲೆ ತಿಳಿ ಬಣ್ಣ. ನಡುವೆ ಒಂದು ಬಿಳಿ ಗೆರೆ ಎಳೆಸಿ, ಮನೆಗೆ ಕಳೆ ಬರುತ್ತದೆ.

ಕೃಷ್ಣೆಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗ ಮುಳುಗಡೆಯಾದಾಗ ಎಷ್ಟೋ ಮನೆಯವರು ಸಾಗವಾನಿ ಬಾಗಿಲು, ಕಂಬ, ತೊಲೆಗಳನ್ನು ಬಿಚ್ಚಿಕೊಂಡು ಬಂದರು. ಅಂಥದ್ದೊಂದು ನಿಮ್ಮ ಮನೆಯ ಹಿತ್ತಲಲ್ಲಿ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಕೊಡಬೇಡಿ. ಆಯಿಲ್ ಪೇಂಟ್ ಕೂಡ ಬಳಿಯಬೇಡಿ. ಧೂಳು ತೆಗೆದು, ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಅಗಸಿ ಎಣ್ಣೆ ತೆಳ್ಳಗೆ ಒರೆಸಿ. ಮರದ ಎಳೆ ಎದ್ದು ಬರುತ್ತದೆ. ಒಂದು ಎಚ್ಚರಿಕೆ ಮಾತ್ರ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬಾರದು. ಅದು ತಾನಾಗಿಯೇ ಕಾದು ಬೆಂಕಿ ಹತ್ತಬಹುದು. ಬಯಲಲ್ಲಿ ಬಿಡಿಸಿ ಒಣಗಿಸಿ. ಕಂಬ ಒಂದೇ ಇದ್ದರೆ ಹಾಲಿನ ಮೂಲೆಗೆ ನಿಲ್ಲಿಸಿ. ಬಾಗಿಲ ಕದ ಇದ್ದರೆ ಮೇಲೆ ಗಾಜು ಹಾಕಿ ಟೀಪಾಯಿ ಮಾಡಿಸಬಹುದು.

ಬಾಡಿಗೆ ಮನೆಯವರು ಗೋಡೆ ಮುಟ್ಟುವ ಹಾಗಿಲ್ಲ. ಅವರಿಗೆ ಬಟ್ಟೆಯೇ ಬಣ್ಣ. ಅಜ್ಜಿಯ ಕೌದಿ ಟ್ರಂಕಿನಲ್ಲಿ ಮಡಚಿ ಇಟ್ಟಿದ್ದರೆ ಹೊರಗೆ ತೆಗೆಯಿರಿ. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಇಟ್ಟು, ಸಣ್ಣ ಸಣ್ಣ ಹೊಲಿಗೆ ಹಾಕಿ ಮಾಡಿದ್ದು ಅದು. ಒಂದು ಕೌದಿಯಲ್ಲಿ ಮನೆಯ ಎಲ್ಲ ಹೆಣ್ಣುಮಕ್ಕಳ ಸೀರೆ ಇರುತ್ತದೆ. ದಿವಾನದ ಮೇಲೆ ಹಾಸಿ, ಇಲ್ಲವೇ ಕೋಲಿಗೆ ಸಿಕ್ಕಿಸಿ ಗೋಡೆಗೆ ತೂಗುಹಾಕಿ. ಉಳಿದ ಕೋಣೆ ಬಿಳಿಯಾಗಿದ್ದರೂ ಪರವಾಗಿಲ್ಲ. ನವಲಗುಂದದ ಜಮಖಾನೆ ನೆಲಕ್ಕೆ, ಖಾನಾಪುರದ ಮಣ್ಣಿನ ಕುಂಡ ಕಿಟಕಿಗೆ, ಗೋಕಾಕಿನ ಬಣ್ಣದ ಗೊಂಬೆ ಕಪಾಟಿಗೆ. ಎಲ್ಲ ಒಂದೇ ಕೋಣೆಗೆ ತುರುಕಬೇಡಿ, ಅದು ವಸ್ತುಪ್ರದರ್ಶನ ಆಗುತ್ತದೆ.

ಗುಳೇದಗುಡ್ಡದ ಖಣದ ಬಗ್ಗೆ ಹೇಳಿ ಮುಗಿಸುತ್ತೇನೆ. ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ ಅದು. ಕುಪ್ಪಸ ಹೊಲಿಸುವವರು ಕಡಿಮೆಯಾದ ಹಾಗೆ ಮಗ್ಗಗಳೂ ಕಡಿಮೆಯಾದವು. ಈಗ ಖಣದಿಂದ ದಿಂಬಿನ ಕವರ್, ಲ್ಯಾಂಪ್‌ಶೇಡ್, ಪರದೆಯ ಅಂಚು, ಬಾಗಿಲ ತೋರಣ ಮಾಡುತ್ತಿದ್ದಾರೆ. ಹೊಳಪಿನ ಬಟ್ಟೆ, ಒತ್ತಾದ ಚಿಕ್ಕ ಚಿಕ್ಕ ಚಿತ್ತಾರ. ಹಾಗಾಗಿ ಸ್ವಲ್ಪವೇ ಸಾಕು. ಬೂದು ಸೋಫಾ ಈಗಾಗಲೇ ತಂದುಬಿಟ್ಟಿದ್ದೀರಾ? ಎರಡು ಖಣದ ದಿಂಬು ಇಡಿ, ಸೋಫಾಕ್ಕೆ ಜೀವ ಬರುತ್ತದೆ. ನೇರ ಬಿಸಿಲು ಬೀಳುವ ಕಡೆ ಇಡಬೇಡಿ, ಬಣ್ಣ ಬಿಳಿಚಿಕೊಳ್ಳುತ್ತದೆ. ಕೊಳ್ಳುವಾಗ ಕೈಮಗ್ಗದ್ದೋ ಪವರ್‌ಲೂಮಿನದ್ದೋ ಅಂತ ಕೇಳಿ. ಕೈಮಗ್ಗದ್ದಕ್ಕೆ ರೇಟು ಜಾಸ್ತಿ ಹೇಳುತ್ತಾರೆ, ಚೌಕಾಸಿ ಮಾಡದೆ ಕೊಡಿ. ಸಾಧ್ಯವಾದರೆ ಗುಳೇದಗುಡ್ಡಕ್ಕೇ ಹೋಗಿ, ಮಗ್ಗದ ಮುಂದೆ ಕೂತು, ನಿಮ್ಮ ಗೋಡೆಯ ಬಣ್ಣದ ಚೀಟಿ ತೋರಿಸಿ, "ಇದಕ್ಕ ಯಾವುದು ಒಪ್ಪತೈತ್ರಿ ಅಣ್ಣಾರ?" ಅಂತ ನೇಕಾರರನ್ನೇ ಕೇಳಿ. ಬಣ್ಣದ ವಿಷಯದಲ್ಲಿ ಅವರಷ್ಟು ತಿಳಿದವರು ನಮ್ಮ ಕಡೆ ಬೇರೆ ಯಾರೂ ಇಲ್ಲ ಅಂತ ನನ್ನ ನಂಬಿಕೆ.

ನಮಸ್ಕಾರ.