ಜಮೀನು ಸರ್ಕಾರದ್ದು, ದಾರಿ ಯಾರದ್ದು?

ಕೇಳುಗರಿಗೆ ನಮಸ್ಕಾರ.

ಬೇಟೆಗೆ, ಮೀನು ಹಿಡಿಯುವುದಕ್ಕೆ, ಡೇರೆ ಹಾಕಿ ರಾತ್ರಿ ಕಳೆಯುವುದಕ್ಕೆ ಅಮೆರಿಕದಲ್ಲಿ ಸರ್ಕಾರಿ ಜಮೀನಿಗೇನೂ ಬರವಿಲ್ಲ. ಭೂ ನಿರ್ವಹಣಾ ಇಲಾಖೆಯ ಕೈಯಲ್ಲೇ ಸುಮಾರು 24.5 ಕೋಟಿ ಎಕರೆ ಇದೆ. ಅರಣ್ಯ ಇಲಾಖೆಯದು ಇನ್ನೂ 19.3 ಕೋಟಿ. ಆದರೆ ಬಹುಪಾಲು ಪಶ್ಚಿಮದ ರಾಜ್ಯಗಳಲ್ಲಿ. ಟೆಕ್ಸಾಸಿನಲ್ಲಿ ನೆಲೆಸಿರುವ ನಮ್ಮವರಿಗೆ ಈ ಭಾಗ್ಯ ಕಡಿಮೆ. ಅಲ್ಲಿ ಕಂಡದ್ದೆಲ್ಲ ಖಾಸಗಿ. ಮರಕ್ಕೋ ಬೇಲಿಕಂಬಕ್ಕೋ ನೇರಳೆ ಬಣ್ಣ ಬಳಿದಿದ್ದರೆ ಪ್ರವೇಶವಿಲ್ಲ ಎಂದೇ ಕಾನೂನಿನ ಅರ್ಥ. ಬೋರ್ಡು ಕಾಣಲಿಲ್ಲ ಎಂಬ ನೆಪ ನಡೆಯುವುದಿಲ್ಲ.

ಯಾವ ಜಮೀನು ಯಾರದ್ದೆಂದು ನಕ್ಷೆಯೇ ಹೇಳುತ್ತದೆ. ಹಳದಿ ಭೂ ನಿರ್ವಹಣಾ ಇಲಾಖೆಯದು, ಹಸಿರು ಅರಣ್ಯದ್ದು, ಬಿಳಿ ಖಾಸಗಿ. ಈಗ ಮೊಬೈಲಿನಲ್ಲೂ ಸಿಗುತ್ತದೆ. ತಕರಾರು ಇರುವುದೆಲ್ಲ ದಾರಿಯದು.

ವಯೋಮಿಂಗ್ ರಾಜ್ಯದ ದಕ್ಷಿಣ ಭಾಗದ ನಕ್ಷೆ ಬಿಡಿಸಿದರೆ ಥೇಟ್ ಚದುರಂಗದ ಮಣೆ. ರೈಲು ಹಾಕಿಸಲೆಂದು 1862ರ ಕಾಯ್ದೆಯಡಿ ಹಳಿಯ ಎರಡೂ ಬದಿಯ ನೆಲವನ್ನು ಚದರ ಮೈಲಿಯ ತುಂಡು ಮಾಡಿ, ಒಂದು ಬಿಟ್ಟು ಒಂದನ್ನು ಕಂಪನಿಗೆ ಕೊಟ್ಟರು. ಮಿಕ್ಕದ್ದು ಸರ್ಕಾರದಲ್ಲೇ ಉಳಿಯಿತು. ಹೀಗಾಗಿ ಎರಡು ಸರ್ಕಾರಿ ತುಂಡುಗಳು ಕೂಡುವುದು ಮೂಲೆಯ ಬಾಂದುಕಲ್ಲಿನ ಬಳಿ ಮಾತ್ರ. ಸುತ್ತಲಿನ ಬಿಳಿ ಚೌಕಗಳನ್ನು ಕೊಂಡವನಿಗೆ ಬೇರೆಯವರಿಗೆ ದಾರಿಯಿಲ್ಲದ ನಡುವಿನ ಹಳದಿ ಚೌಕ ಪುಕ್ಕಟೆ ಸಿಕ್ಕಂತೆಯೇ!

2021ರಲ್ಲಿ ಮಿಸೌರಿಯ ನಾಲ್ವರು ಬೇಟೆಗಾರರು ಅಂಥ ಮೂಲೆಯ ಮೇಲೆ ಏಣಿ ನಿಲ್ಲಿಸಿ, ಖಾಸಗಿ ನೆಲಕ್ಕೆ ಕಾಲು ತಾಗಿಸದೆ ಆಚೆ ಇಳಿದರು. ನೆಲ ಮುಟ್ಟದಿದ್ದರೇನು, ಅದರ ಮೇಲಿನ ಗಾಳಿಯೂ ತನ್ನದೇ ಎಂಬುದು ಒಡೆಯನ ವಾದ. 70 ಲಕ್ಷ ಡಾಲರಿಗೂ ಮೀರಿ ಪರಿಹಾರ ಕೇಳಿದ. ಕ್ರಿಮಿನಲ್ ಮೊಕದ್ದಮೆಯಲ್ಲಿ ಜ್ಯೂರಿ ನಾಲ್ವರನ್ನೂ ಬಿಟ್ಟಿತು. ಸಿವಿಲ್ ದಾವೆ ಎಳೆದಾಡಿ, 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರವೇ ನಿಂತಿತು. ಅದಕ್ಕೆ ಆಧಾರ, ಸರ್ಕಾರಿ ಜಮೀನಿಗೆ ಬೇಲಿ ಹಾಕಿ ಜನರನ್ನು ತಡೆಯಬಾರದೆಂಬ 1885ರ ಕಾಯ್ದೆ. ಜಾನುವಾರು ದೊರೆಗಳ ಕಾಲದ ಕಾಯ್ದೆ ಏಣಿಯವರ ಕೈಹಿಡಿಯಿತು ನೋಡಿ. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಡೆಯನ ಮೇಲ್ಮನವಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ.

ಆದರೆ ಮೇಲ್ಮನವಿ ನ್ಯಾಯಾಲಯದ ಆ ತೀರ್ಪು ನಡೆಯುವುದು ಅದರ ವ್ಯಾಪ್ತಿಗೆ ಬರುವ ವಯೋಮಿಂಗ್, ಕೊಲರಾಡೊ, ಯೂಟಾ ಸೇರಿದಂತೆ ಆರು ರಾಜ್ಯಗಳಲ್ಲಿ ಮಾತ್ರ. ಪಕ್ಕದ ಮೊಂಟಾನ ಆ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಏಣಿ ಹೊತ್ತು ಹೋಗಬೇಡಿ. ಅಲ್ಲಿ ಬೇರೊಂದು ಏರ್ಪಾಡಿದೆ. ರಾಜ್ಯ ಸರ್ಕಾರ ರೈತರ ಜೊತೆ ಒಪ್ಪಂದ ಮಾಡಿಕೊಂಡು, ಹಣ ಕೊಟ್ಟು, ಖಾಸಗಿ ಜಮೀನನ್ನೇ ಬೇಟೆಗಾರರಿಗೆ ತೆರೆಸುತ್ತದೆ. ಲೈಸೆನ್ಸ್ ಇಟ್ಟುಕೊಂಡು ಹೋಗಿ. ಎಷ್ಟೋ ಕಡೆ ಗೇಟಿನ ಬಳಿಯ ಪೆಟ್ಟಿಗೆಯಲ್ಲಿ ಚೀಟಿ ಇರುತ್ತದೆ, ಹೆಸರು ಬರೆದು ಹಾಕಿ ಒಳಗೆ ನಡೆಯಬಹುದು.