ದೃಶ್ಯಕ್ಕೆ ಸಂಗೀತ ಬರೆಯುವ ಓದು

ನಮಸ್ಕಾರ. ಸಿನಿಮಾ, ಸಾಕ್ಷ್ಯಚಿತ್ರ, ಜಾಹೀರಾತು, ವಿಡಿಯೊ ಗೇಮ್‌ಗಳಿಗೆ ಸಂಗೀತ ರಚಿಸಿ ನಿರ್ಮಿಸುವುದನ್ನೇ ಸ್ನಾತಕೋತ್ತರ ಪದವಿಯಾಗಿ ಓದುವುದು ಸಾರ್ಥಕವೇ ಎಂದು ಮಂಗಳೂರು, ಉಡುಪಿ ಕಡೆಯ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಿರುತ್ತಾರೆ. ಹೊರದೇಶದಲ್ಲಿ ಆ ಓದನ್ನು ಮುಗಿಸಿ ಬಂದು, ಈಗ ಕದ್ರಿಯ ಈ ಚಿಕ್ಕ ಕೋಣೆಯಲ್ಲಿ ತುಳು, ಕನ್ನಡ ಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತಿರುವ ನಾನು ಕೊಡಬಲ್ಲ ಉತ್ತರ ಹೀಗಿದೆ: ಸಂಗೀತ ನಿರ್ಮಾಣದ ತಂತ್ರಾಂಶ ಕಲಿಯಲೆಂದು ಅಷ್ಟು ದೂರ ಹೋಗಬೇಕಾಗಿಲ್ಲ, ಅದನ್ನು ಮನೆಯಲ್ಲಿ ಕುಳಿತೇ ಕಲಿಯಬಹುದು. ಇನ್ನೊಬ್ಬರ ದೃಶ್ಯಕ್ಕೆ, ಇನ್ನೊಬ್ಬರು ಗೊತ್ತುಮಾಡಿದ ಗಡುವಿನೊಳಗೆ, ಎದುರಿಗೆ ಕುಳಿತ ವಾದಕರು ನುಡಿಸಬಲ್ಲ ಹಾಗೆ ಬರೆಯುವುದನ್ನು ಕಲಿಯಬೇಕೆಂಬ ಹಂಬಲವಿದ್ದರೆ ಮಾತ್ರ ಹೋಗಬೇಕು.

ದೃಶ್ಯಕ್ಕೆ ಸಂಗೀತ ಕೂಡಿಸುವುದು ನಮ್ಮ ಕರಾವಳಿಗೆ ಹೊಸ ವಿದ್ಯೆಯಲ್ಲ. ಯಕ್ಷಗಾನದ ಹಿಮ್ಮೇಳದಲ್ಲಿ ಭಾಗವತರ ಕಣ್ಣು ವೇಷಧಾರಿಯ ಮೇಲೆಯೇ ಇರುತ್ತದೆ. ವೇಷ ಒಂದು ಸುತ್ತು ಹೆಚ್ಚು ಕುಣಿದರೆ ಪದವೂ ಒಂದು ಸುತ್ತು ಬೆಳೆಯುತ್ತದೆ, ಚೆಂಡೆ ಮದ್ದಳೆಗಳೂ ಅದನ್ನು ಕಂಡೇ ಬಿಡ್ತಿಗೆ ಎಂಬ ನುಡಿತಕ್ಕೆ ಬರುತ್ತವೆ. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ. ವಿ. ಕಾರಂತರು ರಂಗಭೂಮಿಯಲ್ಲಿ ಪಳಗಿದ ಕಿವಿಯನ್ನು ಸಿನಿಮಾಕ್ಕೆ ತಂದು, 1976ರ ಸಾಲಿನಲ್ಲಿ ‘ಋಷ್ಯಶೃಂಗ’ಕ್ಕೂ 1977ರ ಸಾಲಿನಲ್ಲಿ ‘ಘಟಶ್ರಾದ್ಧ’ಕ್ಕೂ ಸಂಗೀತ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಪಡೆದರು. ಆದರೆ ರಂಗಸ್ಥಳಕ್ಕೂ ಪರದೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ರಂಗಸ್ಥಳದಲ್ಲಿ ಕಲಾವಿದರೂ ಹಿಮ್ಮೇಳವೂ ಪರಸ್ಪರ ಕಾಯುತ್ತಾರೆ. ಸಂಕಲನ ಮುಗಿದ ಚಿತ್ರ ಯಾರಿಗಾಗಿಯೂ ಕಾಯುವುದಿಲ್ಲ. ಸ್ನಾತಕೋತ್ತರ ತರಗತಿಯಲ್ಲಿ ಮೊದಲ ದಿನದಿಂದಲೇ ಎದುರಿಸಬೇಕಾದದ್ದು ಯಾರಿಗೂ ಕಾಯದ ಈ ಚಿತ್ರವನ್ನು.

ಈಗ ಪರದೆಯ ಮೇಲೆ ನೀವು ನೋಡುತ್ತಿರುವುದು ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಬೋಟುಗಳು ಮತ್ತೆ ಕಡಲಿಗಿಳಿಯುವ ದೃಶ್ಯವಿದು. ದಕ್ಕೆಯಲ್ಲಿ ಹಗ್ಗ ಬಿಚ್ಚಿದ ಕ್ಷಣಕ್ಕೂ, ಬೋಟು ಅಳಿವೆ ದಾಟಿ ಮೊದಲ ದೊಡ್ಡ ಅಲೆಗೆ ಮೂತಿಯೆತ್ತುವ ಕ್ಷಣಕ್ಕೂ ನಡುವೆ ಸರಿಯಾಗಿ 28 ಸೆಕೆಂಡುಗಳಿವೆ, ಮತ್ತು ಸಂಗೀತ ಆ ಎರಡೂ ಕ್ಷಣಗಳನ್ನು ಮುಟ್ಟಬೇಕು ಎಂಬುದು ನಿರ್ದೇಶಕರ ಬೇಡಿಕೆ. ಬೋಟಿನ ಓಲಾಟಕ್ಕೆ ನಿಮಿಷಕ್ಕೆ 75 ಪೆಟ್ಟುಗಳ ಗತಿ ಒಪ್ಪುತ್ತದೆ. ಆ ಗತಿಯಲ್ಲಿ ಒಂದು ಪೆಟ್ಟಿಗೆ 0.8 ಸೆಕೆಂಡು, ಸೆಕೆಂಡಿಗೆ 25 ಫ್ರೇಮುಗಳಿರುವ ಈ ವಿಡಿಯೊದಲ್ಲಿ ಅದು 20 ಫ್ರೇಮು. ಹಾಗಾದರೆ 28 ಸೆಕೆಂಡಿಗೆ 35 ಪೆಟ್ಟುಗಳಾದವು. ತಂತ್ರಾಂಶ ತೆರೆದ ಕೂಡಲೇ ತಾನಾಗಿ ಮುಂದಿಡುವ ನಾಲ್ಕರ ಲೆಕ್ಕದಲ್ಲಿ ಇದನ್ನು ಬರೆದರೆ ಎಂಟು ಸುತ್ತು ಮುಗಿದು ಮೂರು ಪೆಟ್ಟು ಹೆಚ್ಚಾಗುತ್ತದೆ, ಅಲೆಯ ಹೊಡೆತ ಒಂಬತ್ತನೆಯ ಸುತ್ತಿನ ಕೊನೆಯ ಪೆಟ್ಟಿನ ಮೇಲೆ, ಎಂದರೆ ಭಾರವೇ ಇಲ್ಲದ ಜಾಗದಲ್ಲಿ ಬೀಳುತ್ತದೆ. ಅದನ್ನೇ ನಮ್ಮ ಯಕ್ಷಗಾನದ ತ್ರಿವುಡೆ ತಾಳದ ಏಳಕ್ಷರದ ಆವರ್ತದಲ್ಲಿ ಕೂರಿಸಿದರೆ ಐದು ಆವರ್ತ ತುಂಬುತ್ತದೆ, ಆರನೆಯದರ ಮೊದಲ ಪೆಟ್ಟಿಗೆ ಸರಿಯಾಗಿ ಬೋಟು ಮೂತಿಯೆತ್ತುತ್ತದೆ. ಗತಿಯನ್ನು ಎಳೆಯಬೇಕಾಗಿಲ್ಲ, ಅರ್ಧಕ್ಕೆ ಕತ್ತರಿಸಬೇಕಾಗಿಲ್ಲ. ಈ ಬಗೆಯ ಲೆಕ್ಕ ಕಂಪ್ಯೂಟರಿನಿಂದ ಬಂದದ್ದೂ ಅಲ್ಲ. ಹಿಂದೆ ಫಿಲ್ಮಿನ ಧ್ವನಿಪಟ್ಟಿಯಲ್ಲಿ ಲೆಕ್ಕ ಹಾಕಿ ರಂಧ್ರ ಹೊಡೆದು, ಅವು ಹಾದುಹೋಗುವಾಗ ಕೇಳುವ ಟಿಕ್ ಸದ್ದಿಗೆ ವಾದ್ಯವೃಂದವನ್ನು ನುಡಿಸುತ್ತಿದ್ದರು. ಇಂದು ವಾದಕರ ಹೆಡ್‌ಫೋನಿನಲ್ಲಿ ಕೇಳುವ ಕ್ಲಿಕ್ ಅದರ ಮುಂದುವರಿಕೆ.

ಲೆಕ್ಕ ಸರಿಹೋದ ಮೇಲೆ ಕಿವಿಯ ಕೆಲಸ ಆರಂಭವಾಗುತ್ತದೆ, ಮತ್ತು ನನ್ನ ಮಟ್ಟಿಗೆ ಆ ಓದಿನ ಅತ್ಯಂತ ಬೆಲೆಬಾಳುವ ಭಾಗ ಇದೇ. ಬೋಟಿನ ಡೀಸೆಲ್ ಇಂಜಿನ್ನಿನ ಮೊರೆತ ಕೆಳಗಿನ ಸ್ಥಾಯಿಯನ್ನು ಪೂರ್ತಿ ಆಕ್ರಮಿಸಿಕೊಂಡಿರುವುದರಿಂದ, ಅಲ್ಲಿ ಪಿಟೀಲಿನ ಜಾತಿಯ ಮಂದ್ರ ವಾದ್ಯಗಳಾದ ಚೆಲ್ಲೊ ಅಥವಾ ಡಬಲ್ ಬಾಸ್ ಬರೆದರೆ ಎರಡೂ ಕಲಸಿಹೋಗಿ ಯಾವುದೂ ಸ್ಪಷ್ಟವಾಗಿ ಕೇಳುವುದಿಲ್ಲ. ಮಾತಿನ ವ್ಯಂಜನಗಳು ಬಹುಪಾಲು 2ರಿಂದ 4 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಸ್ಪಷ್ಟವಾಗುವುದರಿಂದ, ಮೀನುಗಾರರೊಬ್ಬರು ಮಾತನಾಡುವಾಗ ಪಿಟೀಲನ್ನು ಆ ಎತ್ತರದಲ್ಲಿ ತೀಡಿಸಿದರೆ ಪ್ರೇಕ್ಷಕರು ಮಾತನ್ನೇ ಕಳೆದುಕೊಳ್ಳುತ್ತಾರೆ. ಚೆಂಡೆಯಂತೂ ಮಾತಿರುವಲ್ಲಿ ಬೇಡವೇ ಬೇಡ. ಇವನ್ನೆಲ್ಲ ತೂಗಿ ನೋಡಿ, ಹಗ್ಗ ಬಿಚ್ಚುವವರೆಗಿನ ಭಾಗಕ್ಕೆ ಸಂಗೀತವನ್ನೇ ಇಡಬಾರದು, ನೀರಿನ ಸದ್ದು ಮತ್ತು ದಕ್ಕೆಯ ಕೂಗುಗಳು ಸಾಕು ಎಂದು ನಾನು ತೀರ್ಮಾನಿಸಿದೆ. ಎಲ್ಲಿ ಸಂಗೀತ ಬೇಡ ಎಂದು ಹೇಳುವುದೂ ಸಂಗೀತಗಾರರ ಹೊಣೆಯೇ ಎಂಬುದನ್ನು ಒಳ್ಳೆಯ ಅಧ್ಯಾಪಕರು ಪಟ್ಟುಹಿಡಿದು ಕಲಿಸುತ್ತಾರೆ.

ತಾತ್ಕಾಲಿಕ ಸಂಗೀತದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಸಂಕಲನದ ಹೊತ್ತಿನಲ್ಲಿ ಬೇರೆ ಯಾವುದೋ ಚಿತ್ರದ ಸಂಗೀತವನ್ನು ಹಾಕಿಕೊಂಡು ತಿಂಗಳುಗಟ್ಟಲೆ ಕೇಳಿದ ನಿರ್ದೇಶಕರಿಗೆ ಅದೇ ಒಗ್ಗಿಹೋಗಿರುತ್ತದೆ. ಅದರ ನಕಲು ಮಾಡದೆ, ಆ ಸಂಗೀತದಲ್ಲಿ ಅವರಿಗೆ ಹಿಡಿಸಿದ್ದು ಗತಿಯೋ, ವಾದ್ಯದ ಬಣ್ಣವೋ, ಸುಮ್ಮನೆ ಅದರ ಮೌನವೋ ಎಂದು ಕೇಳಿ ತಿಳಿದುಕೊಳ್ಳುವುದಕ್ಕೆ ತಾಳ್ಮೆ ಬೇಕು. ತರಗತಿಯಲ್ಲಿ ಸಿನಿಮಾ ಓದುವ ಸಹಪಾಠಿಗಳು ನಮ್ಮ ಕೆಲಸವನ್ನು ತಿರಸ್ಕರಿಸಿ, ಮತ್ತೆ ಬರೆಸಿ, ಕಡೆಗೆ ಒಪ್ಪಿದಾಗ ಮಾತ್ರ ಈ ತಾಳ್ಮೆ ಬೆಳೆಯುತ್ತದೆ.

ಆದ್ದರಿಂದಲೇ ಶಾಲೆಯನ್ನು ಆರಿಸುವಾಗ ನಾನು ಎರಡೇ ಪ್ರಶ್ನೆ ಕೇಳಲು ಹೇಳುತ್ತೇನೆ. ನೀವು ಬರೆದದ್ದನ್ನು ಜೀವಂತ ವಾದಕರು ನುಡಿಸುತ್ತಾರೆಯೇ, ಮತ್ತು ನಿಮ್ಮ ವಯಸ್ಸಿನ ನಿರ್ದೇಶಕರೊಡನೆ ನಿಜವಾದ ಚಿತ್ರಗಳಿಗೆ ಕೆಲಸ ಮಾಡಲು ಅವಕಾಶವಿದೆಯೇ? ಇಂಗ್ಲೆಂಡಿನ ಬೀಕನ್ಸ್‌ಫೀಲ್ಡ್‌ನಲ್ಲಿರುವ ರಾಷ್ಟ್ರೀಯ ಸಿನಿಮಾ ಮತ್ತು ಟೆಲಿವಿಷನ್ ಶಾಲೆಯಲ್ಲಿ ಸಂಗೀತ ರಚನೆಯ ವಿದ್ಯಾರ್ಥಿಗಳು ಅದೇ ಶಾಲೆಯ ನಿರ್ದೇಶನ ವಿದ್ಯಾರ್ಥಿಗಳ ಚಿತ್ರಗಳಿಗೆ ಕೆಲಸ ಮಾಡುತ್ತಾರೆ. ಅಮೆರಿಕದ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜು ಸ್ಪೇನಿನ ವೆಲೆನ್ಸಿಯಾದಲ್ಲಿ ಸಿನಿಮಾ, ಟೆಲಿವಿಷನ್ ಮತ್ತು ವಿಡಿಯೊ ಗೇಮ್ ಸಂಗೀತಕ್ಕೆಂದೇ ಸ್ನಾತಕೋತ್ತರ ಪದವಿ ನಡೆಸುತ್ತಿದೆ. ನಮ್ಮ ದೇಶದಲ್ಲಿ ಎ. ಆರ್. ರೆಹಮಾನ್ ಅವರು 2008ರಲ್ಲಿ ಚೆನ್ನೈಯಲ್ಲಿ ತೆರೆದ ಕೆ. ಎಂ. ಸಂಗೀತ ಶಾಲೆಯಿದೆ, ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿಸುವುದು ಧ್ವನಿಮುದ್ರಣ ಮತ್ತು ಧ್ವನಿವಿನ್ಯಾಸವನ್ನು, ಅದು ರಾಗ ಸಂಯೋಜನೆಗಿಂತ ಬೇರೆಯೇ ಆದ ಓದು. ವಿದೇಶದ ಶುಲ್ಕ ಬಹಳ ದೊಡ್ಡದು, ಸಾಲ ಮಾಡುವ ಮುಂಚೆ ಮನೆಯವರೊಡನೆ ಕುಳಿತು ಮಾತನಾಡಿ. ಅರ್ಜಿಯ ಜೊತೆ ಕಳುಹಿಸಲು ದೃಶ್ಯಸಹಿತ ಮಾದರಿಗಳು ಬೇಕಾಗುವುದರಿಂದ, ಮಣಿಪಾಲದಲ್ಲಿ ಮಾಧ್ಯಮ ಓದುತ್ತಿರುವ ವಿದ್ಯಾರ್ಥಿಗಳನ್ನು ಈಗಲೇ ಹುಡುಕಿ ಅವರ ಕಿರುಚಿತ್ರಗಳಿಗೆ ಸಂಗೀತ ಮಾಡಿಕೊಡಿ.

ಊರಿನ ವಾದಕರನ್ನು ಧ್ವನಿಮುದ್ರಿಸಿಕೊಳ್ಳುವ ಅಭ್ಯಾಸವೂ ಇಲ್ಲಿಯೇ ಆಗಬೇಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಬಹುಪಾಲು ಮೇಳಗಳ ತಿರುಗಾಟ ನಿಂತ ಮೇಲೆ ಹಿಮ್ಮೇಳದವರಿಗೆ ಬಿಡುವು ಸಿಗುತ್ತದೆ. ಆದರೆ ಅದೇ ಹೊತ್ತಿಗೆ ಮಳೆ ಹಿಡಿದು ಮದ್ದಳೆಯ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಹೆಂಚಿನ ಮೇಲಿನ ಸದ್ದು ಮೈಕಿಗೂ ಸೇರುತ್ತದೆ. ಹೀಗಾಗಿ ನಾನು ಮಳೆ ಬಿಟ್ಟ ಹೊತ್ತನ್ನು ನೋಡಿ, ಪ್ರತಿ ಟೇಕಿನ ಮುಂಚೆ ಶ್ರುತಿ ಮಾಡಿಸಿ ಮುದ್ರಿಸಿಕೊಳ್ಳುತ್ತೇನೆ. 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ, ಚೆಂಡೆ, ಮದ್ದಳೆ, ತಂತಿವಾದ್ಯಗಳನ್ನು ಬೇರೆ ಬೇರೆ ಸ್ಟೆಮ್‌ಗಳಾಗಿ, ಎಂದರೆ ಪ್ರತ್ಯೇಕ ಧ್ವನಿಕಡತಗಳಾಗಿ ಕೊಟ್ಟರೆ, ಕೊನೆಯ ಮಿಕ್ಸಿಂಗ್‌ನಲ್ಲಿ ಮಾತಿಗೆ ಅಡ್ಡಬರುವುದನ್ನು ಮಾತ್ರ ತಗ್ಗಿಸಬಹುದು. ಗೇಮ್‌ಗಳ ಸಂಗೀತ ಇನ್ನೊಂದೇ ಲೋಕ. ಅಲ್ಲಿ ಆಟಗಾರರ ನಡೆಗೆ ತಕ್ಕಂತೆ ಪದರಗಳು ಸೇರುತ್ತ ಕಳಚುತ್ತ ಹೋಗುವುದರಿಂದ, ಹಿಮ್ಮೇಳ ಬಲ್ಲವರಿಗೆ ಅದು ಸಿನಿಮಾಕ್ಕಿಂತ ಬೇಗ ಅರ್ಥವಾದೀತು ಎಂದು ನನಗನ್ನಿಸುತ್ತದೆ.

ಇನ್ನು ಹಕ್ಕುಗಳ ಪಾಠ, ಇದನ್ನು ಯಾರೂ ಬಿಡಬಾರದು. ಯಾವ ದೃಶ್ಯದಲ್ಲಿ, ಯಾರ ರಚನೆ, ಎಷ್ಟು ಸೆಕೆಂಡು ಕೇಳಿಸಿತು ಎಂದು ದಾಖಲಿಸುವ ಕ್ಯೂ ಶೀಟ್ ಎಂಬ ಪಟ್ಟಿಯಿದೆ. ಚಿತ್ರ ಟಿವಿಯಲ್ಲಿ ಪ್ರಸಾರವಾದಾಗ ಗೌರವಧನ (ರಾಯಲ್ಟಿ) ಯಾರಿಗೆ ಹೋಗಬೇಕೆಂಬುದು ಅದರ ಆಧಾರದಿಂದ ತಿಳಿಯುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದಲ್ಲಿ ಚಿತ್ರದ ಜೊತೆಗೆ ಕೇಳಿಸುವುದನ್ನು ಬಿಟ್ಟು ಉಳಿದ ಬಳಕೆಗಳಿಗೆ ಬರುವ ಗೌರವಧನದ ಹಕ್ಕನ್ನು ಸಂಗೀತ ರಚಿಸಿದವರು ನಿರ್ಮಾಪಕರಿಗೆ ಬಿಟ್ಟುಕೊಡುವಂತೆಯೇ ಇಲ್ಲ. ಅದನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲು ನಿಮ್ಮ ಮೊದಲ ಕರಾರುಪತ್ರದಲ್ಲಿ ಕಂಡರೆ, ಸಹಿ ಹಾಕುವ ಮುಂಚೆ ಆ ಸಾಲನ್ನು ತೆಗೆಸಿ.